ಮೊಣಕಾಲ ಕೆಳಗೆ ಕೃತಕ ಕಾಲು: ನಡಿಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿ ಉಳಿದು, ಅದರ ಕೆಳಗೆ ಕಾಲು ತೆಗೆಸಿಕೊಂಡವರಿಗೂ ಅವರ ಮನೆಯವರಿಗೂ ಈ ಪುಟ. ಮಂಡಿಯ ಮೇಲೆ ಕತ್ತರಿಸಿದವರ ನಡಿಗೆಯ ಲೆಕ್ಕವೇ ಬೇರೆ, ಅದು ಇಲ್ಲಿಲ್ಲ.

ಈ ಕಾಲಿನಲ್ಲಿ ಏನೇನು ಭಾಗ ಇರುತ್ತದೆ?

ಕತ್ತರಿಸಿ ಉಳಿದ ಕಾಲಿಗೆ ಕೃತಕ ಕಾಲು ಮಾಡುವ ಸೆಂಟರಿನಲ್ಲಿ ಎಲ್ಲರೂ ಸ್ಟಂಪ್ ಅನ್ನುತ್ತಾರೆ. ಅದು ಒಳಗೆ ಕೂರುವ ಗಟ್ಟಿ ಬಟ್ಟಲೇ ಸಾಕೆಟ್. ಇವೆರಡರ ನಡುವೆ ಫೋಮಿನದೋ ಸಿಲಿಕೋನಿನದೋ ಲೈನರ್, ಜೊತೆಗೆ ಹತ್ತಿಯ ಅಥವಾ ಉಣ್ಣೆಯ ಸಾಕ್ಸ್. ಸಾಕೆಟಿನ ಕೆಳಗೆ ಕಣಕಾಲಿನ ಜಾಗದಲ್ಲಿ ಒಂದು ಪೈಪು. ತುದಿಯಲ್ಲಿ ಪಾದ. ಕಾಲು ಕಳಚಿ ಬೀಳದ ಹಾಗೆ ಹಿಡಿಯುವುದಕ್ಕೆ ಮಂಡಿಯ ಮೇಲೆ ಸುತ್ತುವ ಬೆಲ್ಟು, ರಬ್ಬರಿನ ತೋಳು ಅಥವಾ ಲೈನರಿನ ತುದಿಯಲ್ಲಿರುವ ಪಿನ್ನು, ಹೀಗೆ ಒಂದು ಏರ್ಪಾಡು ಇದ್ದೇ ಇರುತ್ತದೆ.

ಮೈಭಾರ ಸ್ಟಂಪಿನ ತುದಿಯ ಮೇಲೆ ಬೀಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಒತ್ತಿ ನೋಡಿ, ಅಲ್ಲೊಂದು ಗಟ್ಟಿ ಪಟ್ಟಿ ಸಿಗುತ್ತದೆ. ಸಾಕೆಟ್ ಮುಖ್ಯವಾಗಿ ಭಾರ ಹೊರಿಸುವುದು ಆ ಪಟ್ಟಿಯ ಮೇಲೆ, ಮೂಳೆಯ ಒಳಬದಿಯ ಇಳಿಜಾರಿನ ಮೇಲೆ ಮತ್ತು ಹಿಂದಿನ ಮಾಂಸದ ಮೇಲೆ. ಮೂಳೆಯ ಏಣು, ಅದರ ತುದಿ, ಹೊರಬದಿಯ ಸಣ್ಣ ಮೂಳೆಯ ತಲೆ, ಈ ಮೂರು ಕಡೆ ಒತ್ತಡ ಬೀಳಬಾರದು. ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರೆ ಅರ್ಧ ಕಾರಣ ಅಲ್ಲೇ ಗೊತ್ತಾಗುವುದು ಇದಕ್ಕೇ.

ಜೀವವಿಲ್ಲದ ಪಾದ ನಡೆಸುವುದಾದರೂ ಹೇಗೆ?

ನಿಜವಾದ ಕಾಲಿನಲ್ಲಿ ಹೆಜ್ಜೆಯ ಕೊನೆಗೆ ಮೀನಖಂಡ ಬಿಗಿದು ನೆಲವನ್ನು ಹಿಂದಕ್ಕೆ ಒದೆಯುತ್ತದೆ, ದೇಹ ಮುಂದಕ್ಕೆ ಹೋಗುತ್ತದೆ. ಕೃತಕ ಪಾದಕ್ಕೆ ಆ ಒದೆತ ಇಲ್ಲ. ಅದು ಮಾಡುವ ಕೆಲಸ ಉರುಳುವುದು. ಹಿಮ್ಮಡಿ ನೆಲಕ್ಕೆ ತಾಗಿದಾಗ ಒಳಗಿನ ಮೆತ್ತನೆಯ ರಬ್ಬರು ಕುಗ್ಗಿ ಧಕ್ಕೆ ನುಂಗುತ್ತದೆ, ಅದರಿಂದ ಪಾದ ಬೇಗ ನೆಲಕ್ಕೆ ಕೂರುತ್ತದೆ. ಆಮೇಲೆ ದೇಹ ಪಾದದ ಮೇಲಿಂದ ಮುಂದಕ್ಕೆ ಹಾಯುತ್ತದೆ. ಕೊನೆಗೆ ಪಾದದ ಮುಂಭಾಗ ಬಾಗಿ ಹಿಮ್ಮಡಿ ಏಳುತ್ತದೆ. ಗಾಡಿ ಚಕ್ರದ ಒಂದು ತುಂಡು ಕಾಲಿಗೆ ಕಟ್ಟಿಕೊಂಡ ಹಾಗೆ ಅಂದುಕೊಳ್ಳಿ.

ಇಲ್ಲದ ಒದೆತವನ್ನು ಸೊಂಟ ತುಂಬಿಕೊಡಬೇಕು. ಮಂಡಿಯ ಮೇಲೆ ತೊಡೆಯಲ್ಲಿ, ಪೃಷ್ಠದಲ್ಲಿ ಬಲ ಇದ್ದವರ ನಡಿಗೆ ಅಗ್ಗದ ಪಾದದಲ್ಲೂ ಚೆನ್ನಾಗಿರುತ್ತದೆ. ಬಲ ಇಲ್ಲದಿದ್ದರೆ ಲಕ್ಷ ರೂಪಾಯಿಯ ಪಾದವೂ ಕುಂಟುತ್ತದೆ.

ಜೈಪುರ ಫುಟ್, ಸ್ಯಾಚ್, ಕಾರ್ಬನ್: ಯಾವುದು ತೆಗೆದುಕೊಳ್ಳಲಿ?

ಸ್ಯಾಚ್ ಪಾದ 1950ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ರೂಪುಗೊಂಡದ್ದು. ನಡುವೆ ಅಲುಗಾಡದ ಮರದ ತುಂಡು, ಹಿಮ್ಮಡಿಯಲ್ಲಿ ಮೆತ್ತೆ, ಅಷ್ಟೇ. ಅಗ್ಗ, ಹಗುರ, ನಿಂತಾಗ ಸ್ಥಿರ. ಸಮತಟ್ಟು ನೆಲದಲ್ಲಿ ನಿಧಾನ ನಡೆಯುವ ವಯಸ್ಸಾದವರಿಗೆ ಸಾಕು. ಆದರೆ ಅದನ್ನು ಮಾಡಿರುವುದು ಬೂಟು ಹಾಕುವವರಿಗಾಗಿ. ನೀರು ಒಳಗೆ ಇಳಿದರೆ ಮರ ಕೊಳೆಯುತ್ತದೆ.

ಜೈಪುರ ಫುಟ್ 1968ರಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಹುಟ್ಟಿತು. ಕೈಕುಶಲಿ ಪಂಡಿತ್ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಪಿ. ಕೆ. ಸೇಠಿ ಅದರ ಹಿಂದಿನ ಹೆಸರುಗಳು; ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮುಂದೆ ಮತ್ತು ಹಿಮ್ಮಡಿಯಲ್ಲಿ ಹವಾಯಿ ಚಪ್ಪಲಿಯಂಥ ಸ್ಪಂಜು ರಬ್ಬರು, ಗಿಣ್ಣಿನ ಹತ್ತಿರ ಮರ, ಸುತ್ತಲೂ ಟೈರಿನ ದಾರ ಮತ್ತು ರಬ್ಬರು ಸುತ್ತಿ ಅಚ್ಚಿನಲ್ಲಿಟ್ಟು ಬೇಯಿಸಿದ್ದು. ಎಲ್ಲ ದಿಕ್ಕಿಗೂ ಸ್ವಲ್ಪ ಬಾಗುತ್ತದೆ. ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಉಬ್ಬುತಗ್ಗು ನೆಲ ಒಪ್ಪುತ್ತದೆ. ಕೊರತೆ ಎಂದರೆ ತೂಕ ಜಾಸ್ತಿ. ಕೈಯಲ್ಲಿ ಮಾಡುವುದರಿಂದ ಒಂದು ಪಾದದ ಮೆದು ಇನ್ನೊಂದಕ್ಕೆ ಬರುವುದೂ ಇಲ್ಲ.

ಕಾರ್ಬನ್ ಪಾದದ ಒಳಗೆ ಬಿಲ್ಲಿನಂಥ ಪಟ್ಟಿ ಇರುತ್ತದೆ. ಭಾರ ಬಿದ್ದಾಗ ಬಾಗಿ, ಬೆರಳಿನ ಕಡೆಯಿಂದ ಏಳುವಾಗ ಹಿಂದಿರುಗುತ್ತದೆ. ಹಾಕಿದ ಶಕ್ತಿಯಲ್ಲಿ ಒಂದು ಪಾಲು ವಾಪಸ್ ಕೊಡುತ್ತದೆಯೇ ಹೊರತು ತಾನಾಗಿ ಉತ್ಪತ್ತಿ ಮಾಡುವುದಿಲ್ಲ. ದಿನಕ್ಕೆ ಹಲವು ಕಿಲೋಮೀಟರ್ ಬಿರುಸಾಗಿ ನಡೆಯುವವರಿಗೆ, ಓಡುವವರಿಗೆ ಲಾಭ ಉಂಟು. ಮನೆಯಿಂದ ಗೇಟಿನವರೆಗೆ ಓಡಾಡುವವರಿಗೆ ಆ ಪಟ್ಟಿ ಬಾಗುವಷ್ಟು ಭಾರವೇ ಬೀಳುವುದಿಲ್ಲ, ದುಡ್ಡು ದಂಡ.

ನಮ್ಮ ಸಲಹೆ ಇಷ್ಟು: ಕೈಯಲ್ಲಿರುವ ಹಣ ಮೊದಲು ಒಳ್ಳೆಯ ಸಾಕೆಟಿಗೆ, ಉಳಿದರೆ ಪಾದಕ್ಕೆ. ‘ಪಾದ ಸರಿಯಿಲ್ಲ, ಬೇರೆ ಹಾಕಿಕೊಡಿ’ ಅಂತ ಬರುವವರಲ್ಲಿ ಹೆಚ್ಚಿನವರ ತೊಂದರೆ ಇರುವುದು ಪಾದದಿಂದ ಒಂದಡಿ ಮೇಲೆ.

ಆಪರೇಷನ್ ಆದ ಎಷ್ಟು ದಿನಕ್ಕೆ ಕಾಲು ಹಾಕಬಹುದು?

ಗಾಯ ಪೂರ್ತಿ ಒಣಗಿ ಊತ ಇಳಿಯಬೇಕು. ಅಪಘಾತವಾದ ಯುವಕರಲ್ಲಿ ಇದಕ್ಕೆ ಆರರಿಂದ ಎಂಟು ವಾರ ಸಾಕಾಗಬಹುದು. ಸಕ್ಕರೆ ಕಾಯಿಲೆ, ರಕ್ತನಾಳದ ತೊಂದರೆ ಇದ್ದವರಿಗೆ ತಿಂಗಳುಗಳೇ ಹಿಡಿಯಬಹುದು.

ಈ ಕಾಯುವ ಹೊತ್ತಿನಲ್ಲಿ ಹಾಳಾದದ್ದನ್ನು ಆಮೇಲೆ ಸರಿಮಾಡುವುದು ಕಷ್ಟ. ಸ್ಟಂಪಿನ ಕೆಳಗೆ ದಿಂಬು ಇಟ್ಟು ಮಲಗಬೇಡಿ. ಹಿತವಾಗಿರುತ್ತದೆ ನಿಜ, ಆದರೆ ಮಂಡಿ ಮಡಚಿದಲ್ಲೇ ಬಿಗಿಯುತ್ತದೆ. ಪೂರ್ತಿ ನೀಡಲಾಗದ ಮಂಡಿಗೆ ನೇರ ನಿಲ್ಲುವ ಕಾಲು ಕೂರಿಸುವುದು ಹೆಣಗಾಟ. ಗಾಲಿಕುರ್ಚಿಯಲ್ಲಿ ಕೂತಾಗ ಒಂದು ಹಲಗೆ ಇಟ್ಟು ಸ್ಟಂಪನ್ನು ನೇರವಾಗಿ ಚಾಚಿಕೊಳ್ಳಿ. ದಿನಕ್ಕೆ ಎರಡು ಮೂರು ಸಲ 20 ನಿಮಿಷ ಬೋರಲು ಮಲಗಿ.

ಕ್ರೇಪ್ ಬ್ಯಾಂಡೇಜನ್ನು ಬಳೆಯಂತೆ ಸುತ್ತಬಾರದು, ಎಂಟರ ಆಕಾರದಲ್ಲಿ ಓರೆಯಾಗಿ ಸುತ್ತಬೇಕು. ತುದಿಯಲ್ಲಿ ಬಿಗಿ, ಮೇಲಕ್ಕೆ ಹೋದಂತೆ ಸಡಿಲ. ಉಲ್ಟಾ ಆದರೆ ನೀರೆಲ್ಲ ತುದಿಗೆ ಇಳಿದು ಸ್ಟಂಪ್ ಬದನೆಕಾಯಿಯಂತೆ ಊದುತ್ತದೆ. ನಾಲ್ಕು ಗಂಟೆಗೊಮ್ಮೆ ಬಿಚ್ಚಿ ಮತ್ತೆ ಕಟ್ಟಿ.

ಹೊಸ ಕಾಲು ಮೊದಲ ದಿನ ಎಷ್ಟು ಹೊತ್ತು ಹಾಕಬೇಕು?

ಅರ್ಧ ಗಂಟೆ. ಬಿಚ್ಚಿ ಚರ್ಮ ನೋಡಿ. ಭಾರ ಹೊರುವ ಕಡೆ ನಸುಗೆಂಪು ಬಂದು 10–15 ನಿಮಿಷದಲ್ಲಿ ಮಾಯವಾದರೆ ಸರಿ. ಮೂಳೆ ಏಣಿನ ಮೇಲೆ, ತುದಿಯಲ್ಲಿ ಕೆಂಪು ಹಾಗೇ ನಿಂತರೆ ಅಂದಿಗೆ ಸಾಕು ಮಾಡಿ, ಸೆಂಟರಿಗೆ ಫೋನ್ ಮಾಡಿ. ತೊಂದರೆ ಇಲ್ಲದಿದ್ದರೆ ದಿನಕ್ಕೆ ಅರ್ಧ ಗಂಟೆಯಂತೆ ಏರಿಸುತ್ತಾ ಹೋಗಿ. ಸಕ್ಕರೆ ಕಾಯಿಲೆಯವರಿಗೆ ಚುಚ್ಚಿದ್ದೂ ಗೊತ್ತಾಗುವುದಿಲ್ಲ. ‘ನೋವಿಲ್ಲ, ಹಾಗಾಗಿ ಸರಿಯಾಗಿದೆ’ ಎಂಬ ಲೆಕ್ಕ ಅವರಿಗೆ ಹೊಂದದು. ಅವರು ಕೈಗನ್ನಡಿ ಹಿಡಿದು ಹಿಂಬದಿಯನ್ನೂ ನೋಡಲೇಬೇಕು.

ನಡಿಗೆಯನ್ನು ಕಲಿಯುವುದು ಹೇಗೆ?

ಮೊದಲ ಪಾಠ ನಡೆಯುವುದಲ್ಲ, ನಿಲ್ಲುವುದು. ಎರಡು ಕಡೆ ಸರಳು ಹಿಡಿದು, ಕೃತಕ ಕಾಲನ್ನು ತೂಕದ ಯಂತ್ರದ ಮೇಲೂ ಒಳ್ಳೆಯ ಕಾಲನ್ನು ಅಷ್ಟೇ ದಪ್ಪದ ಹಲಗೆಯ ಮೇಲೂ ಇಟ್ಟು ನಿಲ್ಲಿ. 60 ಕೆ.ಜಿ. ಮನುಷ್ಯ ‘ಎರಡೂ ಕಾಲ ಮೇಲೆ ಸಮ ನಿಂತಿದ್ದೇನೆ’ ಅನ್ನುವಾಗ ಯಂತ್ರ ಹಲವು ಸಲ 15 ತೋರಿಸುತ್ತದೆ. ಅದು 30 ಆಗುವವರೆಗೆ, ಆಮೇಲೆ ಒಂದು ಕ್ಷಣ 60 ಆಗುವವರೆಗೆ ಭಾರ ಜರುಗಿಸಿ. ಕೃತಕ ಕಾಲನ್ನು ನಂಬುವುದು ಅಂದರೆ ಇಷ್ಟೇ.

ಮುಂದಿನದು ಒಳ್ಳೆಯ ಕಾಲಿನ ಹೆಜ್ಜೆ. ತಪ್ಪಾಗುವುದು ಇಲ್ಲೇ. ಕೃತಕ ಕಾಲನ್ನು ದೂರ ಎಸೆದು, ಅದರ ಮೇಲೆ ನಿಲ್ಲಲು ಹೆದರಿ, ಒಳ್ಳೆಯ ಕಾಲನ್ನು ಗಡಿಬಿಡಿಯಲ್ಲಿ ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಕುಂಟು ಕಾಣುವುದು ಕೃತಕ ಕಾಲಿನಲ್ಲಿ, ಗಿಡ್ಡ ಹೆಜ್ಜೆ ಒಳ್ಳೆಯ ಕಾಲಿನದು. ನೆಲದ ಮೇಲೆ ಸಮ ಅಂತರದಲ್ಲಿ ಸುಣ್ಣದ ಗೆರೆ ಎಳೆದು, ಒಳ್ಳೆಯ ಕಾಲು ಕೃತಕ ಕಾಲನ್ನು ದಾಟಿ ಮುಂದಿನ ಗೆರೆಗೆ ಹೋಗುವಂತೆ ಅಭ್ಯಾಸ ಮಾಡಿ. ಕೃತಕ ಪಾದದ ಬೆರಳಿನ ತುದಿವರೆಗೆ ಭಾರ ಉರುಳಿದ ಮೇಲೆಯೇ ಅದನ್ನು ಎತ್ತಬೇಕು. ಪಾದ ನೋಡುತ್ತಾ ನಡೆಯಬೇಡಿ, ಸೊಂಟ ಬಾಗುತ್ತದೆ.

ಕೋಲು ಹಿಡಿಯುವುದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ. ಕೃತಕ ಕಾಲಿನ ಕಡೆಯೇ ಹಿಡಿಯೋಣ ಅನ್ನಿಸುತ್ತದೆ, ಆದರೆ ಹಾಗೆ ಹಿಡಿದರೆ ಮೈ ಆ ಕಡೆಗೇ ವಾಲುವುದು ರೂಢಿಯಾಗಿಬಿಡುತ್ತದೆ.

ಬೆಳಿಗ್ಗೆ ಸರಿಯಾಗಿರುತ್ತದೆ, ಮಧ್ಯಾಹ್ನ ಸಡಿಲ. ಸಾಕೆಟ್ ಕೆಟ್ಟಿತೇ?

ಇಲ್ಲ, ಸ್ಟಂಪ್ ಕುಗ್ಗಿದೆ. ನಡೆದಂತೆಲ್ಲ ಒತ್ತಡಕ್ಕೆ ಒಳಗಿನ ನೀರು ಮೇಲಕ್ಕೆ ಸರಿಯುತ್ತದೆ. ಇದಕ್ಕೆ ಮದ್ದು ಸಾಕ್ಸ್. ಅವು 1, 3, 5 ಪ್ಲೈ ಎಂಬ ದಪ್ಪದಲ್ಲಿ ಬರುತ್ತವೆ. ಚೀಲದಲ್ಲಿ ಒಂದೆರಡು ತೆಳುವಾದವು ಯಾವಾಗಲೂ ಇರಲಿ.

ಎಷ್ಟು ಹಾಕಬೇಕೆಂದು ಸ್ಟಂಪೇ ಹೇಳುತ್ತದೆ. ಮಂಡಿಚಿಪ್ಪಿನ ಅಡಿಯಂಚು ನೋಯುತ್ತಿದೆ, ತುದಿ ತಳಕ್ಕೆ ಬಡಿಯುತ್ತಿದೆ, ಕಾಲೆತ್ತಿದಾಗ ಸಾಕೆಟ್ ಕೆಳಕ್ಕೆ ಜಾರುತ್ತಿದೆ ಅಂದರೆ ಸ್ಟಂಪ್ ಆಳಕ್ಕೆ ಇಳಿದಿದೆ, ಒಂದು ಪ್ಲೈ ಸೇರಿಸಿ. ಸ್ಟಂಪ್ ತಳದವರೆಗೆ ಹೋಗುತ್ತಿಲ್ಲ, ಮೇಲಂಚಿನಲ್ಲಿ ಬಿಗಿ, ಕಾಲು ಉದ್ದವಾದಂತಿದೆ ಅಂದರೆ ಒಂದು ತೆಗೆಯಿರಿ. ಪಿನ್ನಿನ ಕಾಲಿದ್ದವರು ಟಿಕ್ ಟಿಕ್ ಸದ್ದು ಎಣಿಸಿಕೊಳ್ಳಿ. ದಿನಾ ಐದು ಕೇಳುತ್ತಿದ್ದುದು ಇವತ್ತು ಎಂಟು ಅಂದರೆ ಒಳಗೆ ಜಾಗ ಆಗಿದೆ.

ಸಾಕ್ಸಿನ ಹೊಲಿಗೆ ಮೂಳೆಯ ತುದಿಗೆ ಅಡ್ಡ ಬರದಿರಲಿ. ಒಂದು ಸಣ್ಣ ಸುಕ್ಕು ಒಂದು ಮಧ್ಯಾಹ್ನದಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಒಟ್ಟು 10–15 ಪ್ಲೈ ದಾಟಿದರೆ ಸಾಕ್ಸ್ ತುರುಕುವುದು ನಿಲ್ಲಿಸಿ ಹೊಸ ಸಾಕೆಟ್ ಮಾಡಿಸಿ. ಮೊದಲ ವರ್ಷದಲ್ಲಿ ಸ್ಟಂಪ್ ಬಹಳ ಇಳಿಯುವುದರಿಂದ ಮೊದಲ ಸಾಕೆಟ್ ಕೆಲವೇ ತಿಂಗಳಲ್ಲಿ ದೊಡ್ಡದಾಗುವುದು ಸಹಜ, ಮಾಡಿದವರ ತಪ್ಪಲ್ಲ.

ಚಪ್ಪಲಿ ಬದಲಿಸಿದ ದಿನದಿಂದ ಮಂಡಿ ಮುಂದಕ್ಕೆ ಕುಸಿಯುತ್ತಿದೆ. ಯಾಕೆ?

ಪಾದದ ಗಿಣ್ಣು ಮಡಚುವುದಿಲ್ಲವಲ್ಲ, ಅದಕ್ಕೆ. ಹಿಮ್ಮಡಿ ಎತ್ತರ ಎಂದರೆ ಚಪ್ಪಲಿಯ ಹಿಂದಿನ ಅಟ್ಟೆಯ ದಪ್ಪದಿಂದ ಮುಂದಿನ ಅಟ್ಟೆಯ ದಪ್ಪ ಕಳೆದದ್ದು. ಹಿಂದೆ 25 ಮಿ.ಮೀ., ಮುಂದೆ 15 ಇದ್ದರೆ ಎತ್ತರ 10. ಕಾಲನ್ನು ನೇರ ನಿಲ್ಲಿಸಿ ಹೊಂದಿಸಿರುವುದು ಯಾವುದೋ ಒಂದು ಎತ್ತರಕ್ಕೆ. ಅದಕ್ಕಿಂತ ಹಿಮ್ಮಡಿ ಎತ್ತರದ ಬೂಟು ಹಾಕಿದರೆ ಪೈಪು ಮುಂದಕ್ಕೆ ವಾಲಿ ಮಂಡಿ ಮಡಚುತ್ತದೆ. ಚಪ್ಪಟೆ ಚಪ್ಪಲಿ ಹಾಕಿದರೆ, ಇಲ್ಲವೇ ಬೂಟು ಬಿಚ್ಚಿ ನಿಂತರೆ, ಪೈಪು ಹಿಂದಕ್ಕೆ ವಾಲುತ್ತದೆ. ಸಮ ನೆಲದಲ್ಲೂ ಏರು ಹತ್ತಿದ ಹಾಗೆ, ಮಂಡಿಯನ್ನು ಯಾರೋ ಹಿಂದಕ್ಕೆ ತಳ್ಳಿದ ಹಾಗೆ.

ಹೊರಗೆ ಬೂಟು, ಮನೆಯಲ್ಲಿ ದೇವಸ್ಥಾನದಲ್ಲಿ ಬರಿಗಾಲು, ಇದು ನಮ್ಮ ಬದುಕು. ಹಾಗಾಗಿ ಅಳತೆ ಕೊಡುವ ದಿನವೇ ‘ದಿನದಲ್ಲಿ ಬರಿಗಾಲು ಎಷ್ಟು ಹೊತ್ತು, ಬೂಟು ಎಷ್ಟು ಹೊತ್ತು’ ಎಂದು ಹೇಳಿ, ಹೆಚ್ಚು ಹಾಕುವ ಚಪ್ಪಲಿಯನ್ನು ಜೊತೆಗೆ ಒಯ್ಯಿರಿ. ಬರಿಗಾಲಿಗೆ ಹೊಂದಿಸಿದ ಕಾಲಿದ್ದರೆ ಅಟ್ಟೆ ಹಿಂದೆ ಮುಂದೆ ಒಂದೇ ದಪ್ಪ ಇರುವ ಚಪ್ಪಲಿ ಆರಿಸಿ. ಬೂಟಿಗೆ ಹೊಂದಿಸಿದ್ದರೆ ಮನೆಯೊಳಗೆ ಅಷ್ಟೇ ಹಿಮ್ಮಡಿ ಇರುವ ಬೇರೊಂದು ಶುಚಿಯಾದ ಚಪ್ಪಲಿ ಇಟ್ಟುಕೊಳ್ಳಿ. ಹವಾಯಿ ಚಪ್ಪಲಿ ಯಾರಿಗೂ ಬೇಡ: ಹಿಡಿದುಕೊಳ್ಳಲು ಬೆರಳಿಗೆ ಬಲವಿಲ್ಲ, ಕಳಚಿ ಎಡವುತ್ತದೆ. ಹಿಂದೆ ಪಟ್ಟಿ ಇರುವುದೇ ಬೇಕು.

ಕುಂಟು ಹೋಗುತ್ತಿಲ್ಲ. ತಪ್ಪು ಕಾಲಿನದೋ ನನ್ನದೋ?

ಮನೆಯವರೊಬ್ಬರು ಮುಂದಿನಿಂದಲೂ ಪಕ್ಕದಿಂದಲೂ ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ, ನಿಧಾನಗತಿಯಲ್ಲಿ ನೋಡಿ.

ಹಿಮ್ಮಡಿ ತಾಗಿದ ಕೂಡಲೇ ಮಂಡಿ ಝಟ್ಟನೆ ಮುಂದಕ್ಕೆ ಮಡಚಿದರೆ ಹಿಮ್ಮಡಿಯ ಮೆತ್ತೆ ಗಟ್ಟಿಯಿದೆ, ಇಲ್ಲವೇ ಬೆರಳಿನ ಕಡೆ ಮೇಲೆದ್ದಿದೆ. ಹೆಜ್ಜೆಯ ಕೊನೆಗೆ ಹಳ್ಳಕ್ಕೆ ಕಾಲಿಟ್ಟಂತೆ ಕುಸಿದರೆ ಪಾದ ಸಾಕೆಟಿಗಿಂತ ತೀರ ಹಿಂದಿದೆ. ಮಂಡಿ ಹಿಂದಕ್ಕೆ ಬಾಗುತ್ತಾ ಏರು ಹತ್ತಿದಂತಾದರೆ ಪಾದ ತೀರ ಮುಂದಿದೆ. ಮುಂದಿನಿಂದ ನೋಡುವಾಗ ಮಂಡಿ ಹೊರಕ್ಕೆ ತಳ್ಳಿ, ಸಾಕೆಟಿನ ಹೊರ ಮೇಲಂಚಿನಲ್ಲಿ ಸಂದು ಕಂಡರೆ ಪಾದ ಬಹಳ ಒಳಗೆ ಜರುಗಿದೆ. ಒಳ್ಳೆಯ ಕಾಲಿನ ತುದಿಬೆರಳ ಮೇಲೆ ಎದ್ದು ಕೃತಕ ಕಾಲನ್ನು ದಾಟಿಸುತ್ತಿದ್ದರೆ ಕಾಲು ಉದ್ದವಾಗಿದೆ, ಅಥವಾ ಸಡಿಲವಾಗಿ ಜಾರುತ್ತಿದೆ. ಆದರೆ ಎಚ್ಚರ: ಮಂಡಿ ಮಡಚಲು ಹೆದರುವವರೂ ಹೀಗೇ ಮಾಡುತ್ತಾರೆ.

ಪೈಪಿನ ಎರಡು ತುದಿಯಲ್ಲಿ ನಾಲ್ಕು ನಾಲ್ಕು ಸ್ಕ್ರೂ ಕಾಣುತ್ತವೆ, ಹೊಂದಿಸುವುದು ಅಲ್ಲೇ. ಅಲೆನ್ ಕೀ ಮನೆಯಲ್ಲಿದೆ ಅಂತ ನೀವು ಕೈಹಾಕಬೇಡಿ. ಸ್ಕ್ರೂವನ್ನು ನಾಲ್ಕನೇ ಒಂದು ಸುತ್ತು ತಿರುಗಿಸಿದರೂ ಮಂಡಿಯ ಮೇಲೆ ಬೀಳುವ ಬಲ ಬದಲಾಗುತ್ತದೆ, ಬಿಗಿ ಕಮ್ಮಿಯಾದರೆ ನಡುದಾರಿಯಲ್ಲಿ ಕಳಚುತ್ತದೆ. ವಿಡಿಯೋ ತೋರಿಸಿ, ಅವರೇ ಮಾಡಲಿ.

ಮೆಟ್ಟಿಲು, ಇಳಿಜಾರು?

ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೃತಕ ಕಾಲು ಮುಂದೆ. ದಿಟ್ಟತನ ಬಂದ ಮೇಲೆ ಒಂದೊಂದು ಮೆಟ್ಟಿಲಿಗೆ ಒಂದೊಂದೇ ಕಾಲಿಟ್ಟು ಇಳಿಯಬಹುದು: ಕೃತಕ ಪಾದದ ಮುಂದಿನ ಅರ್ಧ ಮೆಟ್ಟಿಲ ಅಂಚಿನಿಂದ ಹೊರಗೆ ಬರುವಂತೆ ಇಟ್ಟು ಅಂಚಿನ ಮೇಲೆ ಉರುಳಿಸಬೇಕು, ಪಾದ ಪೂರ್ತಿ ಒಳಗಿಟ್ಟರೆ ಅದು ಬಾಗದೆ ತಡೆಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಅಡ್ಡ ತಿರುಗಿ, ಕೃತಕ ಕಾಲನ್ನು ಇಳಿಜಾರಿನ ಕೆಳಬದಿಗೆ ಇಟ್ಟು ಇಳಿಯಿರಿ.

ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಹುದೇ? ಇಂಡಿಯನ್ ಟಾಯ್ಲೆಟ್?

ಎರಡೂ ಆಗುತ್ತದೆ, ಆದರೆ ಮೊದಲೇ ಹೇಳಬೇಕು. ಸಾಕೆಟಿನ ಹಿಂದಿನ ಅಂಚು ಎತ್ತರವಿದ್ದರೆ ಮಂಡಿ ಪೂರ್ತಿ ಮಡಚಿದಾಗ ತೊಡೆಯ ಹಿಂಬದಿಯನ್ನು ಕೊರೆಯುತ್ತದೆ. ಆ ಅಂಚನ್ನು ತಗ್ಗಿಸಿ, ಹೊರಕ್ಕೆ ಮಡಿಸಿ ನಯಮಾಡಿ ಕೊಡಿ ಎಂದು ಕೇಳಿ. ಕುಕ್ಕರಗಾಲಿಗೆ ಬಾಗುವ ಪಾದವೂ ಬೇಕು. ಸ್ಯಾಚ್‌ನಲ್ಲಿ ಹಿಮ್ಮಡಿ ಎದ್ದು ತುದಿಗಾಲಿನ ಮೇಲೆ ತೂಗಾಡುವ ಹಾಗಾಗುತ್ತದೆ. ಜೈಪುರ ಫುಟ್ ಇದ್ದರೂ ಟಾಯ್ಲೆಟ್ಟಿನ ಗೋಡೆಗೆ ಒಂದು ಗಟ್ಟಿ ಹಿಡಿ ಹಾಕಿಸಿ. ಕೂರುವುದು ಸುಲಭ, ಏಳುವಾಗಲೇ ಮುಗ್ಗರಿಸುವುದು.

ಗದ್ದೆ ಕೆಲಸ ಮಾಡಬಹುದೇ?

ಪ್ಲಾಸ್ಟಿಕ್ ಪೈಪಿನ ಸಾಕೆಟ್ ಮತ್ತು ಪೂರ್ತಿ ರಬ್ಬರು ಮುಚ್ಚಿದ ಪಾದ ಇದ್ದರೆ ಮಾಡಬಹುದು. ನಾಟಿ ಗದ್ದೆಯ ಕೆಸರು ಪಾದವನ್ನು ಹಿಡಿದು ಎಳೆಯುತ್ತದೆ, ಆಗ ಬೆಲ್ಟು ಗಟ್ಟಿಯಿಲ್ಲದ ಕಾಲು ಅಲ್ಲೇ ಉಳಿದು ಸ್ಟಂಪ್ ಮಾತ್ರ ಮೇಲೆ ಬರುತ್ತದೆ. ಕೆಲಸ ಮುಗಿದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒದ್ದೆ ಸಾಕ್ಸಿನಲ್ಲಿ ನಡೆದು ಮನೆಗೆ ಬರಬೇಡಿ, ಇನ್ನೊಂದು ಜೊತೆ ಬುತ್ತಿಚೀಲದಲ್ಲಿ ಇರಲಿ. ಪಾದದ ರಬ್ಬರು ಬಿರುಕು ಬಿಟ್ಟ ಮೇಲೆ ನೀರಿಗಿಳಿಸಿದರೆ ಒಳಗಿನ ಮರ ಉಳಿಯುವುದಿಲ್ಲ.

ಕಾಲು ತುಂಬಾ ಭಾರ ಅನ್ನಿಸುತ್ತಿದೆ.

ಹೋದ ಕಾಲಿನ ಭಾಗ ಇದಕ್ಕಿಂತ ಭಾರವಾಗಿಯೇ ಇತ್ತು. ಆದರೆ ಅದನ್ನು ಸ್ನಾಯುಗಳು ಹಿಡಿದಿದ್ದವು, ಇದು ನೇತಾಡುತ್ತಿದೆ. ಸಾಕೆಟ್ ಸಡಿಲವಾದಷ್ಟೂ ಕಾಲು ಭಾರ. ತೂಕ ಹಾಕುವ ಮುನ್ನ ಒಂದು ಸಾಕ್ಸ್ ಸೇರಿಸಿ ನೋಡಿ.

ಬೆವರು, ಗುಳ್ಳೆ, ವಾಸನೆ?

ಸ್ಟಂಪನ್ನು ರಾತ್ರಿ ತೊಳೆಯಿರಿ, ಬೆಳಿಗ್ಗೆ ಅಲ್ಲ. ತೊಳೆದ ತಕ್ಷಣ ಹಾಕಿದರೆ ತೇವದ ಚರ್ಮ ಸಾಕೆಟಿಗೆ ಅಂಟಿ ಉಜ್ಜುತ್ತದೆ. ಸಾಧಾರಣ ಸೋಪು ಸಾಕು, ನೊರೆ ಉಳಿಯದಂತೆ ತೊಳೆದು ಒರೆಸಿ. ಎಣ್ಣೆ, ಕ್ರೀಮು ಹಚ್ಚುವುದಿದ್ದರೆ ಮಲಗುವಾಗ. ಕೂದಲು ಬೋಳಿಸಬೇಡಿ, ಒಳಮುಖ ಬೆಳೆದು ಕೀವಾಗುತ್ತದೆ. ಲೈನರನ್ನು ದಿನಾ ತೊಳೆಯಿರಿ, ಒಳಭಾಗ ಹೊರಕ್ಕೆ ತಿರುವಿ ತುದಿಯಿಂದ ಉರುಳಿಸುತ್ತಾ ಹಾಕಿ, ತುದಿಯಲ್ಲಿ ಗಾಳಿ ಉಳಿಯಬಾರದು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆಯವರು ಮಧ್ಯಾಹ್ನ ಒಮ್ಮೆ ಬಿಚ್ಚಿ ಬೆವರು ಒರೆಸಿಕೊಳ್ಳದೆ ವಿಧಿಯಿಲ್ಲ.

ಚರ್ಮ ಒಡೆದರೆ ಕಾಲು ಹಾಕಬೇಡಿ. ಒಂದು ವಾರದ ಊರುಗೋಲು ತಪ್ಪಿಸಲು ಹೋಗಿ ಮೂರು ತಿಂಗಳ ಹುಣ್ಣು ತಂದುಕೊಳ್ಳುವವರು ಬಹಳ. ತುದಿ ನೇರಳೆ ಬಣ್ಣಕ್ಕೆ ತಿರುಗಿ ಗಡುಸಾಗುತ್ತಿದ್ದರೆ ಅದು ಸಾಕೆಟಿನ ತಳಕ್ಕೆ ತಾಗುತ್ತಿಲ್ಲ, ಮೇಲೆ ಬಿಗಿದು ಕೆಳಗೆ ರಕ್ತ ನಿಲ್ಲುತ್ತಿದೆ ಎಂದರ್ಥ. ಸಾಕೆಟ್ ಸರಿಪಡಿಸಲೇಬೇಕು. ಸಕ್ಕರೆ ಕಾಯಿಲೆಯವರು ಉಳಿದ ಪಾದವನ್ನೂ ದಿನಾ ನೋಡಿಕೊಳ್ಳಿ, ಈಗ ದುಡಿಮೆಯೆಲ್ಲ ಅದರದೇ.

ನಡೆಯುವಾಗ ಟಕ್ ಟಕ್ ಸದ್ದು?

ಸ್ಕ್ರೂ ಸಡಿಲ, ಪಾದದ ಬೋಲ್ಟು ಸಡಿಲ, ಅಥವಾ ಕಾರ್ಬನ್ ಪಟ್ಟಿ ಹೊರಗಿನ ರಬ್ಬರು ಕವಚಕ್ಕೆ ಉಜ್ಜುತ್ತಿದೆ. ಕೊನೆಯದಾದರೆ ಪಟ್ಟಿಗೆ ಹಾಕುವ ತೆಳು ಸಾಕ್ಸ್ ಹರಿದಿರುತ್ತದೆ. ಸದ್ದು ಹಠಾತ್ತನೆ ಶುರುವಾಗಿದ್ದರೆ ಅಂದೇ ತೋರಿಸಿ.

ಇಲ್ಲದ ಪಾದ ನೋಯುತ್ತದೆ. ಭ್ರಮೆಯೇ?

ಅಲ್ಲ. ಮಿದುಳಿನಲ್ಲಿ ಆ ಪಾದದ ಜಾಗ ಇನ್ನೂ ಇದೆ. ಸ್ಟಂಪನ್ನು ತಿಕ್ಕುವುದು, ಬ್ಯಾಂಡೇಜ್ ಬಿಗಿಯುವುದು, ಕಾಲು ಹಾಕಿ ನಡೆಯುವುದು ಅನೇಕರಿಗೆ ಇಳಿಸುತ್ತದೆ. ಎರಡು ಕಾಲಿನ ನಡುವೆ ಕನ್ನಡಿ ಇಟ್ಟು ಒಳ್ಳೆಯ ಪಾದ ಆಡಿಸುವ ಚಿಕಿತ್ಸೆಯೂ ಇದೆ. ನಿದ್ದೆ ಕೆಡುತ್ತಿದ್ದರೆ ನರದ ನೋವಿಗೆ ಬೇರೆ ಮಾತ್ರೆಗಳಿವೆ, ವೈದ್ಯರನ್ನು ಕೇಳಿ; ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ.

ಎಲ್ಲಿ ಮಾಡಿಸಬೇಕು, ಎಷ್ಟು ವರ್ಷ ಬಾಳಿಕೆ?

ಕಾಲು ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಿ. ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ 1975ರಿಂದ ಉಚಿತವಾಗಿ ಕೊಡುತ್ತಿದೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಕಾಲು ಮಾಡುವುದರ ಜೊತೆ ಮಾಡುವವರಿಗೆ ತರಬೇತಿಯನ್ನೂ ಕೊಡುತ್ತದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ನೆರವಿದೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಲು ನೆರವಾಗುತ್ತಾರೆ.

ಒಂದು ದಿನದ ಶಿಬಿರದಲ್ಲಿ ಕಾಲು ಸಿಗುತ್ತದೆ, ನಡಿಗೆ ಸಿಗುವುದಿಲ್ಲ. ಶಿಬಿರದವರು ಹೊರಡುವ ಮುಂಚೆ ರಿಪೇರಿಗೆ ಯಾರನ್ನು ಕಾಣಬೇಕು ಎಂದು ಬರೆಸಿಕೊಳ್ಳಿ. ಪಾದ ಎರಡು ಮೂರು ವರ್ಷ ಬರುತ್ತದೆ, ಹೊಲದಲ್ಲಿ ದುಡಿಯುವವರಿಗೆ ಅದಕ್ಕೂ ಕಮ್ಮಿ. ಬೆಳೆಯುವ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎತ್ತರ ನೋಡಬೇಕು.

ರಾತ್ರಿ ಕಾಲು ಬಿಚ್ಚಿಟ್ಟು ಮಲಗಬೇಕೇ?

ಹೌದು, ಚರ್ಮಕ್ಕೆ ಗಾಳಿ ಬೇಕು. ಹೊಸಬರು ರಾತ್ರಿಯಿಡೀ ಬ್ಯಾಂಡೇಜ್ ಅಥವಾ ಬಿಗಿ ಸಾಕ್ಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಊದಿ ಸಾಕೆಟ್ ಹತ್ತುವುದಿಲ್ಲ. ನಿದ್ದೆಗಣ್ಣಲ್ಲಿ ಎದ್ದವರಿಗೆ ಕಾಲು ಇಲ್ಲದ್ದು ನೆನಪಿರುವುದಿಲ್ಲ. ಇದೆ ಎಂದೇ ಊರಿ ಬೀಳುತ್ತಾರೆ, ಸ್ಟಂಪಿನ ತುದಿಯೇ ನೆಲಕ್ಕೆ ಬಡಿಯುತ್ತದೆ. ವರ್ಷಗಟ್ಟಲೆ ಅಭ್ಯಾಸ ಇರುವವರಿಗೂ ಹೀಗಾಗುತ್ತದೆ. ಮಂಚದಿಂದ ಇಳಿಯುವ ಕಡೆಗೇ, ಕಾಲಿಡುವ ಜಾಗದಲ್ಲೇ ಊರುಗೋಲನ್ನು ಅಡ್ಡ ಒರಗಿಸಿ ಮಲಗಿ.